ಗ್ರೀನ್ಸ್‌ಬರ್ಗ್‌ನ ಬಿಗ್ ವೆಲ್ ಮ್ಯೂಸಿಯಂ: ಬಾವಿ ನೋಡಿ, ಊರನ್ನೂ ಒಂದು ಸುತ್ತು ಹಾಕಿ

ಅಮೆರಿಕದ ಕಾನ್ಸಸ್ ರಾಜ್ಯದ ವಿಚಿಟಾದಲ್ಲಿರುವ ನಮ್ಮವರಿಗೆ, ಊರಿಂದ ಅಪ್ಪ ಅಮ್ಮ ಬಂದರೆ ಎಲ್ಲಿಗೆ ಕರೆದುಕೊಂಡು ಹೋಗುವುದು ಅನ್ನೋದೇ ತಲೆನೋವು, ಅಲ್ವಾ? ಹೈವೇ 54 ಹಿಡಿದು ಪಶ್ಚಿಮಕ್ಕೆ ಹೊರಡಿ. ಎರಡು ಗಂಟೆಯೊಳಗೆ ಗ್ರೀನ್ಸ್‌ಬರ್ಗ್ ಸಿಗುತ್ತದೆ.

ಇಲ್ಲಿರೋದು 1887–88ರಲ್ಲಿ ಕೈಯಿಂದಲೇ ತೋಡಿದ ಬಾವಿ. 109 ಅಡಿ ಆಳ, 32 ಅಡಿ ಅಗಲ, ಸುತ್ತ ಕಲ್ಲಿನ ಕಟ್ಟೋಣ. ಮೆಟ್ಟಿಲಿಳಿದು ಒಳಗೆ ಹೋಗಬಹುದು. ಅಮ್ಮನಿಗೆ ಮಂಡಿ ನೋವು, ಮೇಲೆಯೇ ನಿಂತು ಬಗ್ಗಿ ನೋಡಿದರು. "ಇಷ್ಟು ದೊಡ್ಡ ಬಾವಿಗೆ ಒಂದು ರಾಟೆ ಇಲ್ಲವಲ್ಲೋ!"

2007ರ ಮೇ 4ರ ರಾತ್ರಿ ಬಂದ ಸುಂಟರಗಾಳಿ ಈ ಊರನ್ನು ಹೆಚ್ಚೂಕಡಿಮೆ ಅಳಿಸಿಯೇ ಹಾಕಿತ್ತು. ನೂರಕ್ಕೆ 95 ಭಾಗ ನೆಲಸಮ. ಮ್ಯೂಸಿಯಂನಲ್ಲಿ ಆ ಕಥೆಯೂ ಇದೆ, ಆತುರ ಮಾಡಬೇಡಿ.

ಆದರೆ ನನಗೆ ಜಾಸ್ತಿ ಹಿಡಿಸಿದ್ದು ಹೊರಗಿನ ಊರು. ಮತ್ತೆ ಕಟ್ಟುವಾಗ, 4,000 ಚದರಡಿಗಿಂತ ದೊಡ್ಡದಾದ ನಗರಸಭೆಯ ಕಟ್ಟಡಗಳೆಲ್ಲ ಲೀಡ್ ಪ್ಲಾಟಿನಂ (ಪರಿಸರಸ್ನೇಹಿ ಕಟ್ಟಡಗಳಿಗೆ ಕೊಡುವ ಅತ್ಯುನ್ನತ ದರ್ಜೆ) ಮಟ್ಟದಲ್ಲೇ ಇರಬೇಕು ಅಂತ ತೀರ್ಮಾನ ಮಾಡಿದರು. ಬೀದಿದೀಪ ಪೂರ್ತಿ ಎಲ್‌ಇಡಿ, ಅದೂ ಅಮೆರಿಕದಲ್ಲೇ ಮೊದಲು. ಕಾನ್ಸಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಕಟ್ಟಿದ ಆರ್ಟ್ಸ್ ಸೆಂಟರ್ ಹತ್ತಿರವೇ ಇದೆ. ಗಾಜಿನ ಪೆಟ್ಟಿಗೆಯಂಥ ಕಟ್ಟಡ, ಪಕ್ಕದಲ್ಲಿ ಪುಟ್ಟ ಗಾಳಿಯಂತ್ರಗಳು. ಕರೆಂಟ್ ಮಾಡೋದಕ್ಕಿಂತ ಮೊದಲು ಕರೆಂಟ್ ಉಳಿಸೋ ಬುದ್ಧಿ ಇದು. ನಮ್ಮಲ್ಲಿ ಸೋಲಾರ್ ಹಾಕಿಸಿ, ಕೆಳಗೆ ಮೂರು ಎಸಿ ಓಡಿಸುವವರು ನೋಡಬೇಕು.

ಊರಾಚೆ ಹತ್ತು ದೊಡ್ಡ ಗಾಳಿಯಂತ್ರಗಳಿವೆ, ಒಟ್ಟು 12.5 ಮೆಗಾವಾಟ್. ಪುಣೆಯ ಸುಜ್ಲಾನ್ ಕಂಪನಿಯವು! "ನಮ್ಮ ದುರ್ಗದ ಗುಡ್ಡದ ಮೇಲಿನ ಫ್ಯಾನ್ ಇಲ್ಲಿಗೂ ಬಂತಾ" ಅಂದರು ಅಮ್ಮ. ಏಳೆಂಟುನೂರು ಜನರ ಊರಿಗೆ ಅದು ಎಷ್ಟೋ ಪಟ್ಟು ಜಾಸ್ತಿ. ಹಾಗಂತ ಯಂತ್ರದಿಂದ ಮನೆಗೆ ನೇರ ತಂತಿ ಎಳೆದಿಲ್ಲ. ಕರೆಂಟ್ ಗ್ರಿಡ್‌ಗೆ, ಅಂದರೆ ಎಲ್ಲ ಕಡೆಯ ಕರೆಂಟ್ ಸೇರಿ ಹಂಚಿಕೆಯಾಗುವ ತಂತಿಜಾಲಕ್ಕೆ ಹೋಗುತ್ತದೆ, ಊರು ಗ್ರಿಡ್‌ನಿಂದ ಪಡೆಯುತ್ತದೆ. ಗಾಳಿ ನಿಂತ ದಿನ ಬೇರೆ ಕಡೆಯ ಕರೆಂಟೇ ಗತಿ. ವರ್ಷದ ಲೆಕ್ಕದಲ್ಲಿ ಸ್ವಾವಲಂಬಿ ಅನ್ನಿ, ಒಪ್ಪುತ್ತೇನೆ. ಗಂಟೆ ಗಂಟೆಯ ಲೆಕ್ಕ ಬೇರೆ.

ಇನ್ನೊಂದು ಮಾತು. ಸುಂಟರಗಾಳಿಗೆ ಮುಂಚೆ ಸುಮಾರು 1,400 ಜನರಿದ್ದರು, 2020ರ ಜನಗಣತಿಯಲ್ಲಿ 740. ಹೋದವರೆಲ್ಲ ವಾಪಸ್ ಬರಲಿಲ್ಲ. ಕಟ್ಟಡ ಎಷ್ಟು ಚೆನ್ನಾಗಿದ್ದರೂ ಬೀದಿ ಬಿಕೋ ಅನ್ನುತ್ತದೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಸಸ್ಯಾಹಾರಿಗಳು ಚಿತ್ರಾನ್ನ, ಮೊಸರು ಕಟ್ಟಿಕೊಂಡು ಹೋಗಿ, ನಾವಂತೂ ಚಿಪ್ಸ್ ತಿಂದು ಬಂದೆವು. ಬಯಲಲ್ಲಿ ಗಾಳಿ ಜೋರು, ವಯಸ್ಸಾದವರಿಗೆ ಕಿವಿ ಮುಚ್ಚುವ ಟೋಪಿ ಇರಲಿ.