ಕಾಣೆಯಾದ ತಮ್ಮನನ್ನು ಹುಡುಕಿಸಲು ಪತ್ತೇದಾರನಿಗೆ ದುಡ್ಡು ಕೊಟ್ಟೆವು. ನೀವು ಕೊಡುವ ಮುಂಚೆ ಇದನ್ನು ಓದಿ

'ವಯಸ್ಸು 36, ಎತ್ತರ 5.6 ಅಡಿ, ಗೋಧಿ ಮೈಬಣ್ಣ, ದುಂಡು ಮುಖ, ಸಾಧಾರಣ ಮೈಕಟ್ಟು. ಮನೆಯಿಂದ ಹೋಗುವಾಗ ನೀಲಿ ಗೆರೆಯ ಶರ್ಟು, ಕಪ್ಪು ಪ್ಯಾಂಟು ಧರಿಸಿರುತ್ತಾರೆ.'

ಇದು ನನ್ನ ತಮ್ಮನ ಪ್ರಕಟಣೆ. ಪೇಪರಿನಲ್ಲಿ ಬಂತು, ವಾಟ್ಸಾಪಿನಲ್ಲಿ ಓಡಾಡಿತು, ದಾವಣಗೆರೆ ಬಸ್ ಸ್ಟ್ಯಾಂಡಿನ ಕಂಬಗಳಿಗೆ ನಾವೇ ಅಂಟಿಸಿದೆವು. ಶರ್ಟಿನ ಬಣ್ಣ ಹೇಳಿದ್ದು ಅಮ್ಮ. ಆ ಶರ್ಟಿನ ವಿಷಯ ನೆನಪಿಟ್ಟುಕೊಳ್ಳಿ.

ಅವನ ಅಂಗಡಿ ಲಾಸಾಗಿ ಎರಡು ವರ್ಷವಾಗಿತ್ತು. ಮಾತು ಕಡಿಮೆಯಾಗಿತ್ತು, ನಿದ್ದೆಗೆ ಮಾತ್ರೆ ತಗೊಳ್ತಿದ್ದ. ಒಂದು ದಿನ ಬೆಳಗಿನ ಜಾವ ಎದ್ದು ಹೋದ. ಮಧ್ಯಾಹ್ನದ ಹೊತ್ತಿಗೆ ಫೋನ್ ಸ್ವಿಚ್ ಆಫ್. ಅವತ್ತೇ ದೂರು ಕೊಟ್ಟೆವು. ಮೊದಲ ತಿಂಗಳು ಪೊಲೀಸರು ಚೆನ್ನಾಗೇ ಓಡಾಡಿದರು, ಸುಳ್ಳು ಹೇಳಬಾರದು. ಬಸ್ ಸ್ಟ್ಯಾಂಡಿನ ಗೇಟಿನ ಕ್ಯಾಮೆರಾದಲ್ಲಿ ಅವನು ಒಳಗೆ ಹೋಗಿದ್ದು ಸಿಕ್ಕಿತು. ಕೊನೆಯ ಟವರ್ ಹರಿಹರದ ಹತ್ತಿರ ಅಂದರು. ಆಮೇಲೆ ಬಂದೋಬಸ್ತ್ ಬಂತು, ನಮ್ಮ ಕೇಸು ನೋಡುತ್ತಿದ್ದ ಸಾಹೇಬರಿಗೆ ವರ್ಗಾವಣೆ ಆಯಿತು. ಹೋದಾಗೆಲ್ಲ ಒಂದೇ ಮಾತು: 'ಸಿಕ್ಕಿದ್ರೆ ಫೋನ್ ಮಾಡ್ತೀವಿ, ನೀವು ಮನೇಲಿರಿ.'

ಮನೇಲಿರೋದು ಹೇಗೆ? ಗೇಟು ಸದ್ದಾದರೆ ಅಮ್ಮ ಊಟದ ತಟ್ಟೆ ಬಿಟ್ಟು ಏಳುತ್ತಿದ್ದಳು. ಆ ಸ್ಥಿತಿಯಲ್ಲೇ ನೆಂಟರೊಬ್ಬರು ಬೆಂಗಳೂರಿನ ಪತ್ತೇದಾರನೊಬ್ಬನ ನಂಬರ್ ಕೊಟ್ಟರು.

ಅವನ ಆಫೀಸು ಚೊಕ್ಕವಾಗಿತ್ತು. ಗೋಡೆ ತುಂಬ ಫ್ರೇಮ್ ಹಾಕಿದ ಸರ್ಟಿಫಿಕೇಟುಗಳು. ನಾವು ಹೇಳಿದ್ದನ್ನೆಲ್ಲ ಮಧ್ಯೆ ಮಾತಾಡದೆ ಕೇಳಿಸಿಕೊಂಡ. ಎರಡು ತಿಂಗಳಲ್ಲಿ ನಮ್ಮ ಮಾತನ್ನು ಅಷ್ಟು ಹೊತ್ತು ಕೇಳಿದವರು ಯಾರೂ ಇರಲಿಲ್ಲ. ನಾವು ಬಿದ್ದಿದ್ದು ಅಲ್ಲೇ. '21 ದಿನ ಕೊಡಿ' ಅಂದ. ಅಡ್ವಾನ್ಸ್ 60,000. ಕಾಲ್ ರೆಕಾರ್ಡ್, ಅಂದರೆ ಅವನ ಫೋನಿನ ಕರೆಗಳ ಪಟ್ಟಿ, ತೆಗೆಸಲು 40,000. ಆಧಾರ್ ಎಲ್ಲಿ ಬಳಕೆಯಾಗಿದೆ ನೋಡಿಸಲು 25,000. ಮಹಾರಾಷ್ಟ್ರಕ್ಕೆ ಟೀಮ್ ಕಳಿಸಲು 75,000. ಒಟ್ಟು 2 ಲಕ್ಷ. ಕೊನೆಯ ಕಂತಿಗೆ ಅಮ್ಮನ ಬಳೆ ಅಡ ಇಟ್ಟೆವು. ರಸೀದಿ ಸಿಕ್ಕಿದ್ದು ಮೊದಲ ಕಂತಿಗೆ ಮಾತ್ರ.

ಇನ್ನೊಂದು ಮಾತು ಹೇಳಿದ. 'ಪೊಲೀಸರ ಹತ್ರ ಹೋಗಬೇಡಿ, ನಮ್ಮ ಕೆಲಸ ಕೆಡುತ್ತೆ.' ನಾವು ಹೋಗುವುದನ್ನು ನಿಲ್ಲಿಸಿಬಿಟ್ಟೆವು. 2 ಲಕ್ಷ ಹೋಗಿದ್ದಕ್ಕಿಂತ ಇದು ನನಗೆ ಜಾಸ್ತಿ ನೋವು ಕೊಡುತ್ತದೆ.

21 ದಿನ ಹೋಗಿ ಎರಡೂವರೆ ತಿಂಗಳಾದ ಮೇಲೆ ಒಂದು ಫೋಟೋ ಬಂತು. ಪಂಢರಪುರ, ಚಂದ್ರಭಾಗಾ ನದಿಯ ಘಾಟು. ಜನರ ಮಧ್ಯೆ ಬೆನ್ನು ಮಾಡಿ ನಿಂತ ಒಬ್ಬ. ಜೊತೆಗೆ ಎರಡು ಪುಟದ ರಿಪೋರ್ಟು: ಲಾಡ್ಜಿನ ಹುಡುಗನೊಬ್ಬ ನೋಡಿದ್ದಾನೆ, ದುಂಡು ಮುಖ, ಗೋಧಿ ಬಣ್ಣ, ಮೈಮೇಲೆ ನೀಲಿ ಗೆರೆಯ ಶರ್ಟು, ಕಪ್ಪು ಪ್ಯಾಂಟು. ಅಮ್ಮ ಫೋನನ್ನು ಕಣ್ಣಿಗೊತ್ತಿಕೊಂಡು 'ವಿಠ್ಠಲ ಕಾಪಾಡಿದ' ಅಂದಳು.

ನಾನೂ ಅಪ್ಪನೂ ಮೀರಜ್ ಮೇಲೆ ಹೋದೆವು. ಮೂರು ದಿನ ಅಪ್ಪ ವಿಠ್ಠಲನ ಗುಡಿ ಬಾಗಿಲಿನ ಮೆಟ್ಟಿಲು, ನಾಮದೇವ ಪಾಯರಿಯ ಹತ್ತಿರ ಫೋಟೋ ಹಿಡಿದು ನಿಂತರು. ಮರಾಠಿ ಬಾರದು. ಫೋಟೋ ತೋರಿಸುವುದು, ಕೈ ಮುಗಿಯುವುದು, ಅಷ್ಟೇ. ಘಾಟು, ಧರ್ಮಶಾಲೆ, ಅನ್ನದಾನದ ಸಾಲು ಎಲ್ಲ ನೋಡಿದೆವು. ರಿಪೋರ್ಟಿನಲ್ಲಿದ್ದ ಲಾಡ್ಜು ಇತ್ತು. ಆದರೆ ಅಲ್ಲಿ ಯಾರನ್ನೂ ಯಾರೂ ವಿಚಾರಿಸಿರಲಿಲ್ಲ.

ಊರಿಗೆ ಬಂದ ವಾರಕ್ಕೆ, ನಮ್ಮ ಬೀದಿಯ ಟೈಲರ್ ನನ್ನನ್ನು ನಿಲ್ಲಿಸಿದರು. 'ಬೇಜಾರು ಮಾಡ್ಕೋಬೇಡಮ್ಮ, ನಿನ್ ತಮ್ಮಂದು ಒಂದು ಬಟ್ಟೆ ಉಳಿದಿದೆ, ಹೇಗೆ ಕೊಡೋದು ಅಂತ ಸುಮ್ನಿದ್ದೆ' ಅಂದರು. ಕಾಲರ್ ತಿರುಗಿಸಲು ಕೊಟ್ಟಿದ್ದ ಶರ್ಟು. ನೀಲಿ ಗೆರೆಯದ್ದು. ಜೇಬಿಗೆ ಪಿನ್ ಮಾಡಿದ ಚೀಟಿಯಲ್ಲಿ ತಾರೀಖು ಇತ್ತು, ಅವನು ಹೋಗುವ ಎರಡು ದಿನ ಮುಂಚಿನದು.

ಅಮ್ಮ ಗಾಬರಿಯಲ್ಲಿ ತಪ್ಪು ಹೇಳಿದ್ದಳು. ಆ ಶರ್ಟು ಇಷ್ಟು ದಿನವೂ ಟೈಲರ್ ಅಂಗಡಿಯ ಮೊಳೆಗೆ ನೇತಾಡುತ್ತಿತ್ತು. ಪಂಢರಪುರದಲ್ಲಿ ಅದನ್ನು ಯಾರೂ ನೋಡಿರಲು ಸಾಧ್ಯವೇ ಇಲ್ಲ. ಪತ್ತೇದಾರ ನಮ್ಮ ಪ್ರಕಟಣೆಯನ್ನೇ ನೋಡಿ ಬರೆದು, ನಮಗೇ ಮಾರಿದ್ದ.

ಫೋನ್ ಮಾಡಿದೆ. 'ಸಾಕ್ಷಿಗೆ ಕನ್ಫ್ಯೂಸ್ ಆಗಿರಬಹುದು ಮೇಡಂ, ಇನ್ನೊಂದು 50,000 ಕಳಿಸಿ, ಟೀಮ್ ವಾಪಸ್ ಹೋಗುತ್ತೆ' ಅಂದ. ಕಳಿಸಲ್ಲ ಅಂದೆ. ಮಾರನೇ ದಿನದಿಂದ ನನ್ನ ನಂಬರ್ ಬ್ಲಾಕ್.

ಮತ್ತೆ ಠಾಣೆಗೆ ಹೋದೆವು. ಹೊಸ ಸಾಹೇಬರು ಪತ್ತೇದಾರ ಕೊಟ್ಟ ಕಾಲ್ ಲಿಸ್ಟ್ ನೋಡಿ ಮುಖ ಗಂಟು ಹಾಕಿದರು. 'ಇದು ಸುಳ್ಳಾಗಿದ್ರೆ ನಿಮಗೆ ಮೋಸ. ನಿಜವಾಗಿದ್ರೆ ಅಪರಾಧ, ದುಡ್ಡು ಕೊಟ್ಟು ತೆಗೆಸಿದ ನಿಮಗೂ ತೊಂದರೆ' ಅಂದರು. ಒಬ್ಬರ ಕಾಲ್ ರೆಕಾರ್ಡನ್ನು ಕಂಪನಿಯಿಂದ ಕೇಳಿ ಪಡೆಯಲು ಪೊಲೀಸರಂಥ ತನಿಖಾ ಸಂಸ್ಥೆಗೆ ಮಾತ್ರ ಕಾನೂನಿನ ದಾರಿ ಇದೆ. ಪತ್ತೇದಾರನಿಗೆ ಇಲ್ಲ. 2018ರಲ್ಲಿ ಮಹಾರಾಷ್ಟ್ರದ ಥಾಣೆ ಪೊಲೀಸರು ಹೀಗೆ ಕಾಲ್ ರೆಕಾರ್ಡ್ ಮಾರುತ್ತಿದ್ದ ಜಾಲ ಹಿಡಿದಾಗ, ಸಿಕ್ಕಿಬಿದ್ದವರಲ್ಲಿ ಖಾಸಗಿ ಪತ್ತೇದಾರರೂ ಇದ್ದರು. ಆಧಾರ್ ಮಾತಂತೂ ಶುದ್ಧ ಸುಳ್ಳು. ಆ ಮಾಹಿತಿ ದುಡ್ಡು ಕೊಟ್ಟವರಿಗೆ ತೆಗೆದುಕೊಡುವಂಥದ್ದಲ್ಲ, ಕೋರ್ಟಿನ ಆದೇಶ ಬೇಕು.

ಆ ಗೋಡೆಯ ಸರ್ಟಿಫಿಕೇಟುಗಳ ಬಗ್ಗೆಯೂ ಆಮೇಲೆ ಗೊತ್ತಾಯಿತು. ನಮ್ಮ ದೇಶದಲ್ಲಿ ಪತ್ತೇದಾರರಿಗೆ ಲೈಸೆನ್ಸ್ ಕೊಡುವ ಪ್ರತ್ಯೇಕ ಕಾನೂನೇ ಇಲ್ಲ. 2007ರಲ್ಲಿ ರಾಜ್ಯಸಭೆಯಲ್ಲಿ ಒಂದು ಮಸೂದೆ ಮಂಡನೆಯಾಯಿತು, ಕಾನೂನಾಗಲಿಲ್ಲ. 2005ರ ಕಾಯ್ದೆ ಇರುವುದು ಸೆಕ್ಯೂರಿಟಿ ಗಾರ್ಡ್ ಒದಗಿಸುವ ಕಂಪನಿಗಳಿಗೆ. ಅದರ ಲೈಸೆನ್ಸ್ ತೋರಿಸಿ 'ಸರ್ಕಾರಿ ಮಾನ್ಯತೆ' ಅಂದರೆ ನಂಬಬೇಡಿ.

ನಾವು ಠಾಣೆ ಕಡೆ ತಲೆ ಹಾಕದ ದಿನಗಳಲ್ಲಿ ಏನಾಯಿತು ಅಂತ ಹೇಳಲೇಬೇಕು. ಬಸ್ ಸ್ಟ್ಯಾಂಡಿನ ಒಳಗಿನ ಕ್ಯಾಮೆರಾಗಳ ಹಳೆ ರೆಕಾರ್ಡಿಂಗ್ ಅಳಿಸಿಹೋಗಿತ್ತು. ಅವನು ಯಾವ ಬಸ್ ಹತ್ತಿದ ಅನ್ನುವುದು ಇನ್ನು ಯಾವತ್ತೂ ಗೊತ್ತಾಗಲ್ಲ. ಮೊದಲ ವಾರವೇ ಬರವಣಿಗೆಯಲ್ಲಿ ಕೇಳಿ ಎತ್ತಿಡಿಸಬೇಕಿತ್ತು. ರೈಲ್ವೆ ಹಳಿ ಹತ್ತಿರ ಸಿಕ್ಕ ಒಂದು ಗುರುತು ಸಿಗದ ದೇಹದ ಫೋಟೋ ನೋಡಲು ಠಾಣೆಯಿಂದ ಎರಡು ಸಲ ಫೋನ್ ಬಂದಿತ್ತು. ಪಂಢರಪುರದಲ್ಲಿ ಇದ್ದಾನಲ್ಲ ಅಂತ ನಾವು ಹೋಗಲಿಲ್ಲ. ಆಮೇಲೆ ಹೋಗಿ ನೋಡಿದೆ. ತಮ್ಮನಲ್ಲ. ಆದರೆ ಅವನೇ ಆಗಿದ್ದರೆ?

ಪತ್ತೇದಾರರೆಲ್ಲ ಮೋಸಗಾರರು ಅಂತ ಹೇಳುತ್ತಿಲ್ಲ. ಆಮೇಲೆ ಪರಿಚಯವಾದ ಇನ್ನೊಬ್ಬರು ನೇರವಾಗಿ ಹೇಳಿದರು: 'ನಾನು ಮಾಡಬಹುದಾದದ್ದು ಓಡಾಡಿ ಕೇಳುವುದು, ಅವನ ಸ್ನೇಹಿತರನ್ನು ಮಾತಾಡಿಸುವುದು. ಅದನ್ನು ನೀವೂ ಮಾಡಬಹುದು, ಸುಮ್ನೆ ದುಡ್ಡು ಕಳೀಬೇಡಿ.' ಕೊಡಲೇಬೇಕು ಅನ್ನಿಸಿದರೆ, ಯಾವ ದಿನ, ಯಾವ ಊರು, ಯಾರನ್ನು ಮಾತಾಡಿಸುತ್ತಾರೆ ಅಂತ ಬರೆಸಿಕೊಳ್ಳಿ. ಆ ಕೆಲಸ ಮುಗಿದ ಮೇಲೆ ಮುಂದಿನ ದುಡ್ಡು. ಠಾಣೆಗೆ ಹೋಗಬೇಡಿ ಅಂದವನಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಪೊಲೀಸರನ್ನು ಬಿಡಬೇಡಿ, ಎಷ್ಟೇ ಬೇಸರವಾದರೂ. 2024ರ ಜುಲೈ 1ರಿಂದ ಜಾರಿಗೆ ಬಂದ, ಪೊಲೀಸ್ ತನಿಖೆ ಹೇಗೆ ನಡೆಯಬೇಕು ಅಂತ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ತನಿಖೆ ಎಲ್ಲಿಗೆ ಬಂತು ಅಂತ ದೂರು ಕೊಟ್ಟವರಿಗೆ 90 ದಿನದ ಒಳಗೆ ತಿಳಿಸಬೇಕು. ನಾನು ಅದನ್ನೇ ಬರೆದು ಅರ್ಜಿ ಕೊಟ್ಟೆ, ಒಂದು ಪ್ರತಿ ಎಸ್‌ಪಿ ಕಚೇರಿಗೆ. ಕೇಸಿನ ಫೈಲು ಮತ್ತೆ ಮೇಜಿನ ಮೇಲೆ ಬಂತು. ಯಾರೋ ಕೂಡಿಹಾಕಿದ್ದಾರೆ ಅನ್ನುವ ಅನುಮಾನ ಇದ್ದರೆ ವಕೀಲರನ್ನು ಕಂಡು ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್, ಅಂದರೆ ಕೂಡಿಹಾಕಿದವರನ್ನು ಕೋರ್ಟಿನ ಮುಂದೆ ತರಿಸಲು ಹಾಕುವ ಅರ್ಜಿಯ ಬಗ್ಗೆ ಕೇಳಿ. ಕಾಣೆಯಾದವರು ಮಕ್ಕಳಾಗಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೂ ಫೋನ್ ಮಾಡಿ.

ಮನಸ್ಸು ಸರಿಯಿಲ್ಲದೆ ಹೋದವರಿಗೆ ದಾರಿ ಬೇರೆ. ಅವರು ರೈಲು ಹತ್ತಿ ಎಲ್ಲಿಗೋ ಹೋಗಿ, ಭಾಷೆ ಬಾರದ ಊರಿನ ಯಾವುದೋ ಆಶ್ರಯದಲ್ಲಿ ಇರಬಹುದು. ಹೆಸರು ಕೂಡ ಹೇಳದೆ ಇರಬಹುದು. ಮುಂಬೈ ಹತ್ತಿರದ ಕರ್ಜತ್‌ನಲ್ಲಿ ಶ್ರದ್ಧಾ ಪುನರ್ವಸತಿ ಕೇಂದ್ರ ಇದೆ. ಬೀದಿಯಲ್ಲಿ ಅಲೆಯುವ ಇಂಥವರಿಗೆ ಚಿಕಿತ್ಸೆ ಕೊಟ್ಟು ಮನೆಗೆ ಮುಟ್ಟಿಸುವುದೇ ಅವರ ಕೆಲಸ. ಅದನ್ನು ಕಟ್ಟಿದ ಡಾ. ಭರತ್ ವಾಟವಾನಿ ಅವರಿಗೆ 2018ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಬೆಂಗಳೂರಿನ ಮಾಗಡಿ ರಸ್ತೆಯಲ್ಲಿ ನಿರಾಶ್ರಿತರ ಪರಿಹಾರ ಕೇಂದ್ರ ಇದೆ. ಮನಸ್ಸಿನ ಕಾಯಿಲೆಗೆ ಚಿಕಿತ್ಸೆ ಕೊಡುವ ನಿಮ್ಹಾನ್ಸ್, ಧಾರವಾಡದ ಡಿಮ್ಹಾನ್ಸ್ ಇವೆ. ಇಂಥ ಕಡೆಗೆಲ್ಲ ಫೋಟೋ ಕಳಿಸಿ. ಕಳಿಸಲು ಅಂಚೆ ಖರ್ಚಷ್ಟೇ.

ಒಂದೇ ಫೋಟೋ ಕಳಿಸಬೇಡಿ. ಇಂಥ ಕಡೆ ತಲೆ ಬೋಳಿಸಿರುತ್ತಾರೆ, ಇಲ್ಲ ಗಡ್ಡ ಎದೆತನಕ ಬೆಳೆದಿರುತ್ತದೆ. ಮದುವೆಯಲ್ಲಿ ತೆಗೆಸಿದ ಸೂಟಿನ ಫೋಟೋದಿಂದ ಗುರುತು ಹತ್ತುವುದಿಲ್ಲ. ಗಡ್ಡ ಇದ್ದದ್ದು, ಇಲ್ಲದ್ದು, ಪಕ್ಕದಿಂದ ತೆಗೆದದ್ದು, ಮೂರೂ ಹಾಕಿ. ಪ್ರಕಟಣೆಯಲ್ಲಿ ಮಾತ್ರ ಒಂದು ಗುರುತನ್ನು ಬಿಟ್ಟುಬಿಡಿ, ಮನೆಯವರಿಗೂ ಪೊಲೀಸರಿಗೂ ಗೊತ್ತಿದ್ದರೆ ಸಾಕು. ಪ್ರಕಟಣೆ ಹೊರಬಿದ್ದ ಮೇಲೆ 'ನಿಮ್ಮವರು ಸಿಕ್ಕಿದ್ದಾರೆ, ಆಸ್ಪತ್ರೆ ಬಿಲ್ಲಿಗೆ ದುಡ್ಡು ಹಾಕಿ' ಅನ್ನುವ ಫೋನುಗಳು ಬಂದೇ ಬರುತ್ತವೆ. ನನ್ನ ತಮ್ಮನಿಗೂ ಅಂಥದ್ದೊಂದು ಗುರುತು ಇದೆ. ಫೋನ್ ಬಂದಾಗೆಲ್ಲ ಅದನ್ನೇ ಮೊದಲು ಕೇಳುತ್ತೇನೆ. ಇಲ್ಲಿಯವರೆಗೆ ಯಾರೂ ಸರಿಯಾಗಿ ಹೇಳಿಲ್ಲ.