ಮನೆಯ ಉಪ್ಪುನೀರಿನ ತೊಟ್ಟಿಗೆ ಸಿಕ್ಸ್‌ಲೈನ್ ರಾಸ್ ಸೂಕ್ತವೇ?

ಬಣ್ಣಬಣ್ಣದ ಕಡಲ ಮೀನುಗಳ ಒಂದು ಕುಟುಂಬವಾದ ರಾಸ್ (wrasse) ಮೀನುಗಳನ್ನು ಮೊದಲ ಬಾರಿಗೆ ಸಾಕುವವರಿಗೆ ಅಂಗಡಿಯವರು ಸಾಮಾನ್ಯವಾಗಿ ಸೂಚಿಸುವುದು ಸಿಕ್ಸ್‌ಲೈನ್ ರಾಸ್ ಅನ್ನು. ನೇರಳೆ ಮೈಯುದ್ದಕ್ಕೂ ಆರು ಕಿತ್ತಳೆ ಗೆರೆಗಳು, ಹಸಿರು ಛಾಯೆಯ ಬಾಲ, ಸುಮಾರು 8 ಸೆಂ.ಮೀ. ಗಾತ್ರ ಮತ್ತು ಬೇಗ ಒಗ್ಗಿಕೊಳ್ಳುವ ಗಟ್ಟಿತನವನ್ನು ನೋಡಿದರೆ ಆ ಸಲಹೆ ಅರ್ಧ ಸರಿ. ಬಂಡೆಯ ಸಂದಿನಲ್ಲಿ ನುಸುಳಿ, ಕ್ಷಣ ನಿಂತು, ಒಂದೊಂದೇ ಕಣ್ಣನ್ನು ಬೇರೆಬೇರೆಯಾಗಿ ಹೊರಳಿಸಿ, ಕಲ್ಲಿಗಂಟಿದ ಸಣ್ಣ ಚಪ್ಪಟೆ ಹುಳುವನ್ನು ಅದು ಹೆಕ್ಕುವ ರೀತಿ ನಿಜಕ್ಕೂ ಮನಸೆಳೆಯುತ್ತದೆ. ಹವಳಗಳ ತಂಟೆಗೂ ಹೋಗುವುದಿಲ್ಲ.

ಆದರೆ ಅದರ ಸ್ವಭಾವದ ವಿಷಯವನ್ನು ಅಂಗಡಿಯಲ್ಲಿ ಯಾರೂ ಸ್ಪಷ್ಟವಾಗಿ ಹೇಳುವುದಿಲ್ಲವೆಂಬುದು ನನ್ನ ಮುಖ್ಯ ತಕರಾರು. ಒಮ್ಮೆ ನೆಲೆಯೂರಿದ ಸಿಕ್ಸ್‌ಲೈನ್, ನಂತರ ಬಂದ ಸಣ್ಣ ಮೀನುಗಳನ್ನು, ವಿಶೇಷವಾಗಿ ಇತರ ರಾಸ್‌ಗಳನ್ನು, ಪಟ್ಟುಬಿಡದೆ ಅಟ್ಟಾಡಿಸುತ್ತದೆ. ಆದ್ದರಿಂದ ಅದನ್ನು ಎಲ್ಲ ಮೀನುಗಳಿಗಿಂತ ಕೊನೆಗೆ, ಅದೂ ಒಂದನ್ನೇ ಬಿಡಬೇಕು. ಹಲವು ಬಣ್ಣದ ರಾಸ್‌ಗಳು ಒಟ್ಟಿಗಿರಬೇಕೆಂದು ಬಯಸುವವರು ದೊಡ್ಡ ತೊಟ್ಟಿಯಲ್ಲಿ ಶಾಂತ ಸ್ವಭಾವದ ಫೇರಿ ರಾಸ್‌ಗಳನ್ನು ಆರಿಸುವುದೇ ಮೇಲು. ಲೆಪರ್ಡ್ ರಾಸ್ ಹುದುಗಿ ಮಲಗಲು ಮೆತ್ತನೆಯ ಮರಳು ಬೇಕು, ಆಹಾರದಲ್ಲೂ ಅದು ಹಠಮಾರಿ. ಇತರ ಮೀನುಗಳ ಮೈಮೇಲಿನ ಪರೋಪಜೀವಿಗಳನ್ನು ತಿಂದು ಬದುಕುವ ಕ್ಲೀನರ್ ರಾಸ್ ಅನ್ನು ಮನೆಗೆ ತರದಿರುವುದೇ ಒಳಿತು.

ಯಾವುದನ್ನೇ ಕೊಂಡರೂ ಬೆದರಿದ ರಾಸ್ ನೀರಿನಿಂದ ಹೊರಕ್ಕೆ ಜಿಗಿಯುವುದರಿಂದ ಸಣ್ಣ ಕಣ್ಣಿನ ಬಲೆಯ ಮುಚ್ಚಳ ಕಡ್ಡಾಯ. ಕೊಳ್ಳುವ ಮುನ್ನ ಅಂಗಡಿಯವರಿಂದ ಮೈಸಿಸ್ ಸೀಗಡಿ ಹಾಕಿಸಿ ನೋಡಿ. ಹೊಟ್ಟೆ ಒಳಸರಿದ, ಆಹಾರ ಮುಟ್ಟದ ಮೀನನ್ನು ಎಷ್ಟು ಕಡಿಮೆ ಬೆಲೆಗೆ ಕೊಟ್ಟರೂ ತರಬೇಡಿ.