ನೇರಳೆ–ಅರಿಶಿನದ ರಾಯಲ್ ಗ್ರಾಮಾ: ಮನೆಯ ಹವಳದ ತೊಟ್ಟಿಗೆ ಎಷ್ಟು ಒಪ್ಪುತ್ತದೆ?

ಸುಮಾರು 150 ಲೀಟರ್ ಹಿಡಿಯುವ ಉಪ್ಪುನೀರಿನ ಹವಳದ ತೊಟ್ಟಿಗೆ ಬಣ್ಣದ ಮೀನೊಂದನ್ನು ಮಾತ್ರ ಆರಿಸಬೇಕಾಗಿ ಬಂದರೆ ನನ್ನ ಆಯ್ಕೆ ರಾಯಲ್ ಗ್ರಾಮಾ. ಇದಕ್ಕಿಂತ ಚೆಲುವಾದ ಮೀನುಗಳು ಇಲ್ಲವೆಂದಲ್ಲ. ಆದರೆ ಅಂಗಡಿಯ ಗಾಜಿನ ಹಿಂದೆ ಕಣ್ಣು ಸೆಳೆಯುವ ಚಿಟ್ಟೆಮೀನುಗಳಲ್ಲಿ ಹೆಚ್ಚಿನವು ಹವಳದ ಪಾಲಿಪ್‌ಗಳನ್ನೇ, ಅಂದರೆ ಹವಳವನ್ನು ಕಟ್ಟುವ ಪುಟ್ಟ ಜೀವಿಗಳನ್ನೇ, ಕಿತ್ತು ತಿನ್ನುತ್ತವೆ, ಏಂಜೆಲ್ ಮೀನುಗಳನ್ನು ನಂಬುವಂತಿಲ್ಲ, ಡ್ಯಾಮ್ಸೆಲ್‌ಗಳು ಜೊತೆಯ ಮೀನನ್ನು ಮೂಲೆಗೆ ಅಟ್ಟುತ್ತವೆ. ಬಣ್ಣವೂ ಇದ್ದು, ಹವಳಕ್ಕೂ ನೆರೆಯ ಮೀನಿಗೂ ತೊಂದರೆ ಕೊಡದೆ, ನಾವು ಹಾಕಿದ್ದನ್ನು ತಿಂದು ಬಾಳುವ ಮೀನು ಬೇಕೆಂದು ಹುಡುಕಿದರೆ ಪಟ್ಟಿ ಬಹಳ ಬೇಗ ಕಿರಿದಾಗುತ್ತದೆ.

ಗ್ರಾಮಾ ಲೊರೆಟೊ ಎಂಬ ವೈಜ್ಞಾನಿಕ ಹೆಸರಿನ ಈ ಮೀನನ್ನು ಕ್ಯೂಬಾದ ಪ್ರಾಣಿಶಾಸ್ತ್ರಜ್ಞ ಫೆಲಿಪೆ ಪೋಯ್ 1868ರಲ್ಲಿ ವಿವರಿಸಿದರು. ಕೆರಿಬಿಯನ್ ಕಡಲು ಮತ್ತು ಬಹಾಮಾಸ್ ಇದರ ನೆಲೆ. ಪೂರ್ಣ ಬೆಳೆದರೂ 8 ಸೆಂಟಿಮೀಟರ್ ಮೀರುವುದು ಅಪರೂಪ. ಮೈಯ ಮುಂಭಾಗ ಗಾಢ ನೇರಳೆ, ಹಿಂಭಾಗ ಅರಿಶಿನ ಹಳದಿ. ನಡುವೆ ಎರಡೂ ಬಣ್ಣಗಳು ಚುಕ್ಕಿ ಚುಕ್ಕಿಯಾಗಿ ಬೆರೆತು ಒಂದರೊಳಗೊಂದು ಕರಗುತ್ತವೆ. ಕಣ್ಣನ್ನು ಹಾದುಹೋಗುವ ಓರೆಯಾದ ಗೆರೆಯೊಂದಿದೆ, ಬೆನ್ನಿನ ರೆಕ್ಕೆಯ ಮುಂಭಾಗದಲ್ಲಿ ಕಪ್ಪು ಚುಕ್ಕೆಯೊಂದಿದೆ. ಈ ಎರಡು ಗುರುತುಗಳನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕೆಂದು ಕೋರುತ್ತೇನೆ. ದುಡ್ಡು ಕೊಡುವ ಮುನ್ನ ಇವೇ ಕೆಲಸಕ್ಕೆ ಬರುತ್ತವೆ.

ಸ್ವಭಾವದಲ್ಲಿ ಇದು ಗುಹೆಯ ಮೀನು. ಕಡಲಿನಲ್ಲಿ ಬಂಡೆಯ ಚಾಚುಗಳ ಕೆಳಗೆ, ಪೊಟರೆಗಳ ಒಳಗೆ ಬಾಳುತ್ತದೆ. ಯಾವ ಕಲ್ಲಿನ ಮೈ ಹತ್ತಿರವಿದೆಯೋ ಆ ಕಡೆಗೆ ಹೊಟ್ಟೆಯನ್ನು ತಿರುಗಿಸಿಕೊಳ್ಳುವುದು ಇದರ ರೂಢಿಯಾದ್ದರಿಂದ ಚಾಚಿನ ಕೆಳಗೆ ತಲೆಕೆಳಗಾಗಿಯೇ ಈಜುತ್ತದೆ. ಮೊದಲ ಬಾರಿ ನೋಡಿದವರು ಮೀನಿಗೆ ಕಾಯಿಲೆ ಬಂದಿತೆಂದು ಗಾಬರಿಯಾಗುವುದುಂಟು. ನನ್ನ ಮನೆಗೆ ಬಂದ ನೆಂಟರಲ್ಲಿ ಇದನ್ನು ಕೇಳದೆ ಹೋದವರು ಕಡಿಮೆ. ತೊಟ್ಟಿಗೆ ಬಿಟ್ಟ ಮೇಲೆ ಒಂದು ಪೊಟರೆಯನ್ನು ತನ್ನದೆಂದು ಗೊತ್ತುಮಾಡಿಕೊಂಡು, ಆಹಾರ ಬಿದ್ದಾಗ ಹೊರಗೆ ಚಿಮ್ಮಿ, ಮತ್ತೆ ಅಲ್ಲಿಗೇ ಮರಳುತ್ತದೆ. ಆ ಪೊಟರೆಯ ಬಾಗಿಲಿಗೆ ಬೇರೆ ಮೀನು ಬಂದರೆ ಬಾಯಿಯನ್ನು ಅಗಲಕ್ಕೆ ತೆರೆದು ಹೆದರಿಸುತ್ತದೆ. ನೋಡಲು ಭಯಂಕರವೆನಿಸಿದರೂ ಈ ಪ್ರದರ್ಶನ ಸಾಮಾನ್ಯವಾಗಿ ಕಚ್ಚಾಟದವರೆಗೆ ಹೋಗುವುದಿಲ್ಲ. ತನ್ನದೇ ಜಾತಿಯ ಇನ್ನೊಂದು ಮೀನಿನ ವಿಷಯದಲ್ಲಿ ಮಾತ್ರ ಈ ಸಹನೆ ಇರದು. ಆದ್ದರಿಂದ ಚಿಕ್ಕ ತೊಟ್ಟಿಗೆ ಒಂದೇ ಸಾಕು. ಗುಂಪಾಗಿ ಸಾಕುವ ಆಸೆಯಿರುವವರು ದೊಡ್ಡ ತೊಟ್ಟಿಯನ್ನೂ ಹತ್ತಾರು ಪೊಟರೆಗಳನ್ನೂ ಒದಗಿಸಬೇಕಾಗುತ್ತದೆ.

ಕಡಲಿನಲ್ಲಿ ಇದರ ಮುಖ್ಯ ಆಹಾರ ನೀರಿನಲ್ಲಿ ತೇಲಿ ಬರುವ ಸಣ್ಣ ಪ್ರಾಣಿಪ್ಲವಕಗಳು. ಹವಳದ ಮೇಲೆ ಬಾಯಿ ಹಾಕದಿರುವುದಕ್ಕೆ ಇದೇ ಕಾರಣ. ಹೆಪ್ಪುಗಟ್ಟಿಸಿದ ಮೈಸಿಸ್ ಸಿಗಡಿ ಮತ್ತು ಬ್ರೈನ್ ಶ್ರಿಂಪ್‌ಗಳನ್ನು ಬೇಗನೆ ಒಪ್ಪಿಕೊಳ್ಳುತ್ತದೆ, ನಿಧಾನವಾಗಿ ಒಳ್ಳೆಯ ಗುಣಮಟ್ಟದ ಹರಳು ಆಹಾರಕ್ಕೂ ಹೊಂದಿಕೊಳ್ಳುತ್ತದೆ. ಒಂದೇ ಬಗೆಯ ಆಹಾರದ ಮೇಲೆ ಇಟ್ಟರೆ ನೇರಳೆ ಬಣ್ಣ ಮಂಕಾಗುವುದನ್ನು ಹಲವರ ತೊಟ್ಟಿಗಳಲ್ಲಿ ಗಮನಿಸಿದ್ದೇನೆ.

ಈಗ ಅಂಗಡಿಯ ವಿಷಯಕ್ಕೆ ಬರೋಣ. ಈ ಮೀನಿನ ಬಗ್ಗೆ ಬರೆಯಲು ಹೊರಟಿದ್ದೇ ಇದಕ್ಕಾಗಿ. ನಮ್ಮಲ್ಲಿ ಸಿಗುವ ಕಡಲ ಮೀನುಗಳ ಬಹುಪಾಲು ಇಂಡೋನೇಷ್ಯಾದಂಥ ಇಂಡೋ–ಪೆಸಿಫಿಕ್ ನಾಡುಗಳಿಂದ ಬರುವಂಥದ್ದು. ಕೆರಿಬಿಯನ್ ಮೀನು ಅಷ್ಟು ದೂರದಿಂದ ಬರಬೇಕಾದ್ದರಿಂದ ಅಪರೂಪ ಮತ್ತು ದುಬಾರಿ. ಅದೇ ಇಂಡೋ–ಪೆಸಿಫಿಕ್ ಕಡಲಿನಲ್ಲಿ ಪಿಕ್ಟಿಕ್ರೋಮಿಸ್ ಪ್ಯಾಕಗ್ನೆಲ್ಲೆ, ಅಂದರೆ ರಾಯಲ್ ಡಾಟಿಬ್ಯಾಕ್ ಎಂಬ ಮೀನಿದೆ. ಮುಂದೆ ನೇರಳೆ, ಹಿಂದೆ ಹಳದಿ, ಅಳತೆಯೂ ಹೆಚ್ಚುಕಡಿಮೆ ಅಷ್ಟೇ, ಬೆಲೆ ಮಾತ್ರ ಬಹಳ ಕಡಿಮೆ. ಇದನ್ನು ರಾಯಲ್ ಗ್ರಾಮಾ ಎಂಬ ಚೀಟಿ ಅಂಟಿಸಿ ಮಾರಲು ಇಟ್ಟಿದ್ದನ್ನು ಕಂಡಿದ್ದೇನೆ. ಮೋಸದ ಉದ್ದೇಶವೇ ಇರಬೇಕೆಂದಿಲ್ಲ, ಮಾರುವವರಿಗೂ ವ್ಯತ್ಯಾಸ ಗೊತ್ತಿರದಿರಬಹುದು. ಆದರೆ ಪರಿಣಾಮ ಒಂದೇ. ಡಾಟಿಬ್ಯಾಕ್ ತನ್ನ ಅಳತೆಯ ಮತ್ತು ತನಗಿಂತ ಚಿಕ್ಕ ಮೀನುಗಳನ್ನು ಬಿಡದೆ ಬೆನ್ನಟ್ಟುತ್ತದೆ, ಸಣ್ಣ ಸಿಗಡಿಗಳನ್ನು ತಿನ್ನುತ್ತದೆ, ಮತ್ತು ಬಂಡೆಗಳನ್ನೆಲ್ಲ ಕಿತ್ತು ಹೊರಗೆ ಇಡದೆ ಅದನ್ನು ಹಿಡಿಯಲಾಗುವುದಿಲ್ಲ. ಡಾಟಿಬ್ಯಾಕ್‌ನಲ್ಲಿ ಎರಡು ಬಣ್ಣಗಳ ನಡುವಿನ ಗಡಿ ಕತ್ತರಿಸಿ ಅಂಟಿಸಿದಂತೆ ನೇರವಾಗಿರುತ್ತದೆ. ಕಣ್ಣಿನ ಗೆರೆಯೂ ರೆಕ್ಕೆಯ ಕಪ್ಪು ಚುಕ್ಕೆಯೂ ಇರುವುದಿಲ್ಲ. ಮೀನು ಕಲ್ಲಿನ ಮರೆಯಲ್ಲಿ ಅಡಗಿದ್ದರೆ ಹೊರಗೆ ಬರುವವರೆಗೆ ಕಾಯಿರಿ, ಬೆನ್ನಿನ ರೆಕ್ಕೆ ಬಿಚ್ಚಿದಾಗ ಚುಕ್ಕೆಯನ್ನು ನೋಡಿರಿ. ಅದು ಆಹಾರ ತಿನ್ನುವುದನ್ನು ತೋರಿಸುವಂತೆಯೂ ಕೇಳಿ. ಇದಕ್ಕೆ ಬೇಸರಪಡುವ ಅಂಗಡಿಯಿಂದ ಬೆಲೆಬಾಳುವ ಕಡಲ ಮೀನನ್ನು ಕೊಳ್ಳದಿರುವುದೇ ಲೇಸು.

ಬದಲಿಗಳನ್ನು ಯೋಚಿಸುವವರು ಮೊದಲು ಕೇಳುವುದು ಮ್ಯಾಂಡರಿನ್ ಮೀನನ್ನೇ. ಅದರ ನೀಲಿಯ ಮುಂದೆ ಗ್ರಾಮಾ ಸಪ್ಪೆ ಎಂದರೆ ಒಪ್ಪುತ್ತೇನೆ. ಬಹುತೇಕ ಪ್ರಾಣಿಗಳ ನೀಲಿ ಬೆಳಕಿನ ಚದುರುವಿಕೆಯಿಂದ ಮೂಡಿದ್ದಾದರೆ, ಮ್ಯಾಂಡರಿನ್ ಮೀನಿನ ಚರ್ಮದಲ್ಲಿ ನಿಜವಾದ ನೀಲಿ ವರ್ಣಕವನ್ನು ಹೊತ್ತ ಜೀವಕೋಶಗಳೇ ಇವೆ. ಯಾರ ಗೊಡವೆಗೂ ಹೋಗದ ಸಾಧು ಮೀನೂ ಹೌದು. ಆದರೆ ಅದು ದಿನವಿಡೀ ಬಂಡೆಯ ಮೇಲಿನ ಕೋಪೆಪಾಡ್‌ಗಳೆಂಬ ಅತಿ ಸಣ್ಣ ಜೀವಂತ ಕಠಿಣಚರ್ಮಿಗಳನ್ನು ಹೆಕ್ಕುತ್ತಾ ಬದುಕುವ ಮೀನು. ಕಡಲಿನಿಂದ ಹಿಡಿದು ತಂದವುಗಳಲ್ಲಿ ಹೆಚ್ಚಿನವು ಹೆಪ್ಪುಗಟ್ಟಿಸಿದ ಆಹಾರವನ್ನು ಮುಟ್ಟುವುದಿಲ್ಲ. ಹೊಸ ತೊಟ್ಟಿಯಲ್ಲಿ, ಅದೂ 150 ಲೀಟರಿನಲ್ಲಿ, ಅಂಥ ಮೀನು ಕೆಲವೇ ವಾರಗಳಲ್ಲಿ ಕಣ್ಣೆದುರೇ ಹೊಟ್ಟೆ ಒಳಸೇರಿ ಸಾಯುತ್ತದೆ. ಅದನ್ನು ಹೊಸಬರಿಗೆ ಮಾರುವುದನ್ನೇ ನಾನು ಒಪ್ಪಲಾರೆ. ಫೈರ್‌ಫಿಷ್ ಸುಲಭದ ಮೀನು, ಶಾಂತವೂ ಹೌದು, ಆದರೆ ಪುಕ್ಕಲು. ಚೂರು ಗಲಾಟೆಯಾದರೂ ನೀರಿನಿಂದ ಹೊರಗೆ ಹಾರುತ್ತದೆ. ಬಂಗಾಯಿ ಕಾರ್ಡಿನಲ್ ಸೊಗಸಾದ ಮೀನು, ಗಂಡು ಮೊಟ್ಟೆಗಳನ್ನು ಬಾಯಿಯಲ್ಲೇ ಇಟ್ಟುಕೊಂಡು ಮರಿ ಮಾಡುತ್ತದೆ. ಆದರೆ ಇಂಡೋನೇಷ್ಯಾದ ಬಂಗಾಯಿ ದ್ವೀಪಗಳ ಸುತ್ತಲಿನ ಅದರ ಸಂತತಿ ಅಕ್ವೇರಿಯಂ ವ್ಯಾಪಾರದಿಂದಲೇ ಕುಗ್ಗಿ, 2007ರಿಂದ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಕೆಂಪು ಪಟ್ಟಿಯಲ್ಲಿ ಅಳಿವಿನಂಚಿನದೆಂದು ದಾಖಲಾಗಿದೆ. ತೊಟ್ಟಿಯಲ್ಲಿ ಮರಿ ಮಾಡಿಸಿದ್ದೆಂಬ ಖಾತ್ರಿಯಿದ್ದರೆ ಮಾತ್ರ ಕೊಳ್ಳಬಹುದು.

ಕ್ಲೌನ್ ಮೀನಿನ ವಿಷಯ ಬೇರೆ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯು ಅದರ ಮರಿ ಉತ್ಪಾದನೆಯ ತಂತ್ರವನ್ನು ನಮ್ಮ ದೇಶದಲ್ಲೇ ರೂಪಿಸಿದೆ, ಹಾಗಾಗಿ ಕಡಲನ್ನು ಬರಿದು ಮಾಡದೆ ಸಾಕಬಹುದಾದ ಮೀನು ಅದು. ಗ್ರಾಮಾಕ್ಕೆ ಬದಲಾಗಿ ಎನ್ನುವುದಕ್ಕಿಂತ ಜೊತೆಗಾರನಾಗಿ ಚೆನ್ನಾಗಿ ಒಪ್ಪುತ್ತದೆ. ಒಂದು ಮೇಲಿನ ನೀರಿನಲ್ಲಿ ಓಡಾಡಿದರೆ ಇನ್ನೊಂದು ಕೆಳಗಿನ ಕಲ್ಲಿನ ಮನೆಯಲ್ಲಿರುತ್ತದೆ.

ಸಾಕಣೆಯ ಕಷ್ಟ ಮೀನಿನದಕ್ಕಿಂತ ನೀರಿನದೇ ಹೆಚ್ಚು. ಉಷ್ಣತೆ 24ರಿಂದ 26 ಡಿಗ್ರಿ ಸೆಲ್ಸಿಯಸ್, ಉಪ್ಪುನೀರಿನ ಸಾಪೇಕ್ಷ ಸಾಂದ್ರತೆ 1.025ರ ಆಸುಪಾಸು ಇರಬೇಕು. ಬೆಂಗಳೂರಿನ ಕೊಳವೆಬಾವಿಯ ಗಡಸು ನೀರನ್ನು ನೇರವಾಗಿ ಬಳಸಲಾಗದು, ನೀರಿನಲ್ಲಿ ಕರಗಿದ ಲವಣಗಳನ್ನು ತೆಗೆಯುವ ಆರ್‌ಓ–ಡಿಐ ಶೋಧಕ ಬೇಕು. ಬೆಂಗಳೂರಿನವರು ಏಪ್ರಿಲ್ ಬಿಸಿಲಿನಲ್ಲಿ ಫ್ಯಾನ್ ಹಾಕಿ ಹೇಗೋ ಸುಧಾರಿಸಬಹುದು, ಮಂಗಳೂರಿನ ಸೆಕೆಗೆ ನೀರು ತಣಿಸುವ ಚಿಲ್ಲರ್ ಯಂತ್ರ ಇಲ್ಲದೆ ಆಗದು. ಕರೆಂಟು ಹೋದಾಗ ಓಡುವ ಬ್ಯಾಟರಿಯ ಗಾಳಿಪಂಪು ಎರಡೂ ಕಡೆ ಬೇಕು. ತಂದ ಮೀನನ್ನು ಕೆಲವು ವಾರ ಪ್ರತ್ಯೇಕ ತೊಟ್ಟಿಯಲ್ಲಿಟ್ಟು ಬಿಳಿಚುಕ್ಕೆ ರೋಗವಿದೆಯೇ ಎಂದು ನೋಡುವುದನ್ನು ತಪ್ಪಿಸಬಾರದು. ಆ ರೋಗಕ್ಕೆ ಕೊಡುವ ತಾಮ್ರದ ಔಷಧ ಹವಳವನ್ನೂ ಸಿಗಡಿಯನ್ನೂ ಕೊಲ್ಲುತ್ತದೆಯಾದ್ದರಿಂದ ಮುಖ್ಯ ತೊಟ್ಟಿಯಲ್ಲಿ ಚಿಕಿತ್ಸೆ ಮಾಡುವ ಮಾತೇ ಇಲ್ಲ.

ಬಂಡೆಗಳನ್ನು ಜೋಡಿಸುವಾಗ ಚಾಚುಗಳೂ ಪೊಟರೆಗಳೂ ಉಳಿಯುವಂತೆ ನೋಡಿಕೊಳ್ಳಿ. ಗೋಡೆಯಂತೆ ಒತ್ತಾಗಿ ಪೇರಿಸಿದರೆ ಈ ಮೀನಿನ ಅರ್ಧ ಸೊಗಸು ಕಾಣಸಿಗದು. ಇದಕ್ಕೆ ಕೃತಕ ಬಂಡೆಯೇ ಸಾಕು. ಮುರುಡೇಶ್ವರದಿಂದ ನೇತ್ರಾಣಿಗೆ ಡೈವಿಂಗ್ ಹೋದವರು ಹವಳದ ತುಂಡೊಂದನ್ನು ತರಬಹುದೇ ಎಂದು ನನ್ನನ್ನು ಕೇಳಿದ್ದುಂಟು. ಕಲ್ಲುಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ, ಅಂದರೆ ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ ಇದೆ. ಆ ಯೋಚನೆಯನ್ನೇ ಬಿಡಬೇಕು.

ಬೆಲೆಯೇ ಈ ಮೀನಿನ ದೊಡ್ಡ ಕೊರತೆ. ಒಂದು ಡ್ಯಾಮ್ಸೆಲ್‌ಗೆ ಕೊಡುವುದರ ಹಲವು ಪಟ್ಟು ಕೊಡಬೇಕು, ಕೇಳಿದ ತಿಂಗಳು ಸಿಗುವ ಭರವಸೆಯೂ ಇಲ್ಲ. ಚೆನ್ನಾಗಿ ನೋಡಿಕೊಂಡರೆ 5 ವರ್ಷ ಬಾಳಬಲ್ಲ ಮೀನಿಗೆ ಅದು ಹೆಚ್ಚಲ್ಲವೆಂಬುದು ನನ್ನ ಅಭಿಪ್ರಾಯ. ತೊಟ್ಟಿ ಕಟ್ಟಿ ಇನ್ನೂ ನೀರು ನೆಲೆಗೊಳ್ಳದವರು, ತೆರೆದ ತೊಟ್ಟಿಗೆ ಬಲೆಯ ಮುಚ್ಚಳ ಹಾಕಲು ಮನಸ್ಸಿಲ್ಲದವರು, ಈಗಾಗಲೇ ಡಾಟಿಬ್ಯಾಕ್ ಇಟ್ಟುಕೊಂಡವರು ಇದನ್ನು ಕೊಳ್ಳಬಾರದು. ಉಳಿದವರು ಸಾಧು ಮೀನುಗಳನ್ನೆಲ್ಲ ಮೊದಲು ಬಿಟ್ಟು ಅವು ನೆಲೆ ಕಂಡುಕೊಂಡ ಮೇಲೆ ಗ್ರಾಮಾವನ್ನು ಬಿಡಲಿ; ಕ್ಲೌನ್ ಜೋಡಿಯ ಯೋಚನೆಯಿದ್ದರೆ ಅದನ್ನು ಗ್ರಾಮಾದ ನಂತರ ತರಲಿ.